ಮದುವೆಯ ಜಾತ್ರೆ, ಅಳಲಿನ ಹಬ್ಬ

ಮೈಂದರ್ಗಿಯ ಮನೆಗಳ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಮೂರು ಬಗೆಯ ಕಾಲಗಣನೆಗಳು ಒಟ್ಟಿಗೆ ಬಾಳುತ್ತವೆ. ಸಂಕ್ರಾಂತಿ ಸೂರ್ಯನನ್ನು ನೆಚ್ಚಿದ ಹಬ್ಬ. ಅದು ಜನವರಿಯ ನಡುಭಾಗವನ್ನು ಬಿಟ್ಟು ಕದಲುವುದಿಲ್ಲ. ಯುಗಾದಿ, ದೀಪಾವಳಿಗಳು ಚಂದ್ರನನ್ನು ಅನುಸರಿಸಿದರೂ ಅಧಿಕಮಾಸದ ನೆರವಿನಿಂದ ತಮ್ಮ ಋತುವನ್ನು ಕಾಯ್ದುಕೊಳ್ಳುತ್ತವೆ. ಮೊಹರಂ ಮಾತ್ರ ಶುದ್ಧ ಚಾಂದ್ರಮಾನದ ಆಚರಣೆ. ಹಿಜರಿ ವರ್ಷಕ್ಕೆ 354 ಅಥವಾ 355 ದಿನಗಳು. ಹೀಗಾಗಿ ಅದು ಪ್ರತಿವರ್ಷ ಸುಮಾರು 11 ದಿನ ಮುಂಚಿತವಾಗಿ ಬರುತ್ತ, ಚಳಿ ಮಳೆ ಬೇಸಿಗೆಗಳನ್ನೆಲ್ಲ ಸುತ್ತಿ, ಸುಮಾರು 33 ವರ್ಷಗಳಿಗೊಮ್ಮೆ ಮೊದಲಿನ ಕಾಲಕ್ಕೆ ಮರಳುತ್ತದೆ.

ಈ ಲೆಕ್ಕದಂತೆ 2008ರ ಜನವರಿಯಲ್ಲಿ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಯು ಮೊಹರಮಿನ ಮೊದಲ ಹತ್ತು ದಿನಗಳ ಒಳಗೇ ಬಂದಿತು. ಒಂದು ಮದುವೆಯ ಸಂಭ್ರಮ. ಇನ್ನೊಂದು ಮರಣದ ಸ್ಮರಣೆ. ಆ ವರ್ಷ ಎರಡರಲ್ಲಿಯೂ ಸ್ವಯಂಸೇವಕನಾಗಿ ದುಡಿಯುವ ಅವಕಾಶ ನನಗೆ ಒದಗಿತು. ಹಬ್ಬವನ್ನು ನೋಡಲು ಹೋದವನಿಗೆ ಅದರ ಮೆರವಣಿಗೆ ಕಾಣುತ್ತದೆ. ಅಲ್ಲಿ ಕೊಡ ಹೊತ್ತವನಿಗೆ ಅದರ ಒಳಗೂ ಕೊಂಚ ಕಾಣುತ್ತದೆ.

ಮೈಂದರ್ಗಿಯಿಂದ ಎಸ್‌.ಟಿ. ಬಸ್ಸು ಸ್ವಾಮಿ ಸಮರ್ಥರ ಅಕ್ಕಲಕೋಟವನ್ನು ಹಾದು ಸೊಲ್ಲಾಪುರ ಸೇರುತ್ತದೆ. ಇದೇ ಹಿಂದಿನ ಸೊನ್ನಲಿಗೆ. 12ನೆಯ ಶತಮಾನದ ಶಿವಯೋಗಿ ಸಿದ್ಧರಾಮರು ಇಲ್ಲಿ ಕೆರೆ ಕಟ್ಟಿಸಿದರು. ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು. ಬಳಿಕ ಕಲ್ಯಾಣದ ಶರಣರನ್ನು ಕೂಡಿಕೊಂಡರು. ಅವರ ಜೀವನವನ್ನು ಕುರಿತು ರಾಘವಾಂಕ ಕವಿ 'ಸಿದ್ಧರಾಮ ಚಾರಿತ್ರ'ವನ್ನು ರಚಿಸಿದ್ದಾನೆ. ಕುಂಬಾರರ ಮನೆಯ ಕನ್ಯೆಯೊಬ್ಬಳು ಸಿದ್ಧರಾಮರನ್ನೇ ವರಿಸಬೇಕೆಂದು ಹಟ ಹಿಡಿದಳು. ಲೌಕಿಕದಿಂದ ದೂರವಿದ್ದ ಅವರು ತಮ್ಮ ಯೋಗದಂಡದೊಡನೆ ಮದುವೆಗೆ ಒಪ್ಪಿಗೆಯಿತ್ತರು ಎಂಬುದು ಜನರ ನಂಬಿಕೆ. ಆ ಯೋಗದಂಡದ ಪ್ರತೀಕವಾಗಿ ಏಳು ನಂದಿಧ್ವಜಗಳು ಇಂದಿಗೂ ಮೆರವಣಿಗೆ ಹೊರಡುತ್ತವೆ. ಶುಭ್ರವಾದ ಬಾರಾಬಂದಿ ಅಂಗಿ ತೊಟ್ಟ ಭಕ್ತರು, ಮನೆಗಳ ಮಾಳಿಗೆಗೆ ತಾಗುವಷ್ಟು ಎತ್ತರದ ಆ ಕೋಲುಗಳನ್ನು ಒಬ್ಬರಿಂದೊಬ್ಬರು ಪಡೆದು ಹೊರುತ್ತಾರೆ. ಮೊದಲ ದಿನ 68 ಲಿಂಗಗಳಿಗೆ ಎಣ್ಣೆ ಮಜ್ಜನ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ.

ನಮ್ಮ ತಂಡಕ್ಕೆ ಒಪ್ಪಿಸಿದ ಕೆಲಸ ಸರಳವಾದುದು. ದಾರಿಯಲ್ಲಿ ನಿಂತು ಜನರಿಗೆ ಕುಡಿಯುವ ನೀರು ಕೊಡಬೇಕು. ಗುಂಪಿನಲ್ಲಿ ತಪ್ಪಿಸಿಕೊಂಡ ಮಕ್ಕಳನ್ನು ಹಿರಿಯರ ಬಳಿ ಸೇರಿಸಬೇಕು. ಐದಾರು ವರ್ಷದ ಹುಡುಗನೊಬ್ಬ ಮರಾಠಿಯಲ್ಲಿ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. "ಯಾವೂರಪ್ಪಾ ನಿಂದು?" ಎಂದೊಡನೆ ಅಳು ನಿಲ್ಲಿಸಿ ಊರನ್ನೂ ಹೇಳಿದ, ಅಜ್ಜಿಯ ಸೀರೆಯ ಬಣ್ಣವನ್ನೂ ಹೇಳಿದ.

ಅಕ್ಷತೆಯ ಮಧ್ಯಾಹ್ನ ಲಕ್ಷಾಂತರ ಕೈಗಳು ಒಮ್ಮೆಲೇ ಮೇಲೇಳುವ ನೋಟ ಮರೆಯಲಾಗದ್ದು. ಆದರೆ ಈ ಮದುವೆ ಮದುವೆಯಾಗಿಯೇ ಮುಗಿಯುವುದಿಲ್ಲ. ಮರುದಿನ ರಾತ್ರಿ ಹೋಮದ ಮೈದಾನದಲ್ಲಿ ಸಜ್ಜೆಯ ಸಿವುಡಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಕುಂಬಾರ ಕನ್ಯೆಯೆಂದು ಭಾವಿಸಿ ಅಗ್ನಿಗೆ ಅರ್ಪಿಸುತ್ತಾರೆ. ನಿನ್ನೆ ಅಕ್ಷತೆ ಎರಚಿದ ಜನರೇ ಇಂದು ಮೌನವಾಗಿ ಆ ಜ್ವಾಲೆಯನ್ನು ನೋಡುತ್ತಾರೆ. ನನ್ನ ಪಕ್ಕದಲ್ಲಿದ್ದ ತಾಯಿಯೊಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮರುದಿನದ ಮದ್ದಿನ ಆಟಕ್ಕೆ ಮಕ್ಕಳು ಆಗಲೇ ಕಾತರಿಸುತ್ತಿದ್ದರು.

ಜಾತ್ರೆ ಮುಗಿದ ನಾಲ್ಕಾರು ದಿನಗಳಲ್ಲಿಯೇ ಮೊಹರಮಿನ ಕಡೆಯ ದಿನ. ಕ್ರಿ.ಶ. 680ರಲ್ಲಿ ಕರ್ಬಲಾ ಬಯಲಿನಲ್ಲಿ ಪ್ರವಾದಿಗಳ ಮೊಮ್ಮಗ ಇಮಾಮ್ ಹುಸೇನರೂ ಅವರ ಸಂಗಡಿಗರೂ ಯುಫ್ರೆಟಿಸ್ ನದಿಯ ನೀರಿಗೆ ಎರವಾಗಿ, ಬಾಯಾರಿ ಹುತಾತ್ಮರಾದ ದಿನವಿದು. ಮೈಂದರ್ಗಿಯ ಸುತ್ತಿನ ಸೀಮೆಯಲ್ಲಿ, ಗಡಿಯಾಚೆಯ ವಿಜಯಪುರ, ಕಲಬುರಗಿಗಳಲ್ಲಿ ನಡೆಯುವಂತೆಯೇ, ಅಲಾವಿ ಕುಣಿ ತೋಡಿ ಬೆಂಕಿ ಹೊತ್ತಿಸುತ್ತಾರೆ. ಐದು ಬೆರಳಿನ ಪಂಜಾಗಳನ್ನು 'ದೇವರು' ಎಂದು ಕೂಡಿಸುತ್ತಾರೆ. ಪ್ರವಾದಿ ಮಹಮ್ಮದ್, ಅಲಿ, ಫಾತಿಮಾ, ಹಸನ್, ಹುಸೇನ್ ಎಂಬ ಐವರನ್ನು ಆ ಬೆರಳುಗಳು ಸೂಚಿಸುತ್ತವೆ. ಲಿಂಗಾಯತರೂ ಕುರುಬರೂ ಹರಕೆ ಹೊತ್ತು ಲಾಡಿ ಧರಿಸಿ ಫಕೀರರಾಗುತ್ತಾರೆ. ಚೊಂಗ್ಯಾ ಎಡೆಯಾಗುತ್ತದೆ.

ಅಲ್ಲಿಯೂ ನನಗೆ ದೊರೆತದ್ದು ನೀರಿನ ಕೆಲಸವೇ. ಕರ್ಬಲಾದ ಬಾಯಾರಿಕೆಯ ನೆನಪಿಗಾಗಿ ಬಂದವರಿಗೆಲ್ಲ ಬೆಲ್ಲದ ಪಾನಕ ಕೊಡುತ್ತಾರೆ. ಅದಕ್ಕೆ ಕೊಡ ಕೊಡ ನೀರು ಸೇದಿ ತರಬೇಕಿತ್ತು. ಕೆರೆ ಕಟ್ಟಿಸಿದ ಸಂತನ ಜಾತ್ರೆಯಲ್ಲಿ ನೀರು ಹಂಚಿದ ಕೈ ಬಾಯಾರಿ ಮಡಿದವರ ಹೆಸರಿನಲ್ಲಿಯೂ ನೀರನ್ನೇ ಹಂಚಿತು.

ಹಲಗೆ, ಹೆಜ್ಜೆಕುಣಿತ, ಹುಲಿವೇಷಗಳ ಗದ್ದಲ ಕಂಡು ಹಿರಿಯರೊಬ್ಬರನ್ನು ಕೇಳಿದೆ: "ಮುತ್ಯಾ, ದುಃಖದ ಹಬ್ಬದಾಗ ಹುಲಿವೇಷ ಯಾಕ?" ಅವರು ಬೀಡಿ ಆರಿಸಿ ನುಡಿದರು: "ಅಳೂದು ಒಬ್ಬರ ಕೈಲೇ ಆಗೂದಿಲ್ಲ ತಮ್ಮಾ. ಊರು ಕೂಡಬೇಕಂದ್ರ ಹಲಗಿ ಬಾರಿಸಬೇಕು. ಕೂಡಿದ ಮ್ಯಾಲ ಪದ ಹಾಡಬೇಕು." ರಾತ್ರಿ ಕನ್ನಡದ ಕರ್ಬಲಾ ಪದಗಳು ಮೊದಲಾದಾಗ ಅವರ ಮಾತು ನಿಜವಾಯಿತು. ಅದೇ ವೇಳೆ ಕೆಲವು ಮುಸ್ಲಿಂ ಮನೆಗಳಲ್ಲಿ ಉಪವಾಸ, ಪ್ರಾರ್ಥನೆಗಳು ಸದ್ದಿಲ್ಲದೆ ನಡೆದಿದ್ದವು. ಹಲಗೆಯ ಆಚರಣೆ ಅವರಿಗೆ ಒಪ್ಪಿತವಲ್ಲ. ಊರು ಅದನ್ನೂ ಗೌರವಿಸಿತು.

ಎರಡು ಹಬ್ಬಗಳೂ ಒಂದೇ ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಸತ್ಯವಲ್ಲ. ಒಂದರ ಭಾವ ಇನ್ನೊಂದಕ್ಕೆ ವಿರುದ್ಧವಾದದ್ದು. ಆದರೂ ಮದುವೆಯ ಒಳಗೆ ಒಂದು ಸಾವಿದೆ, ಸಾವಿನ ಸ್ಮರಣೆಯ ಸುತ್ತ ಒಂದು ಕುಣಿತವಿದೆ. ಇದನ್ನು ನನಗೆ ತಿಳಿಸಿಕೊಟ್ಟದ್ದು ಅಲ್ಲಿನ ಮಾತುಗಳು. ಸೊಲ್ಲಾಪುರದ ಮರಾಠಿ ಪತ್ರಿಕೆಗಳು ಇಂದಿಗೂ 'ಯಣ್ಣಿಮಜ್ಜನ' ಎಂದು ಅಚ್ಚು ಹಾಕುತ್ತವೆ. ಪೂಜೆಯ ಹಕ್ಕುಳ್ಳ ಮನೆತನದ ಹೆಸರು ಹಿರೇಹಬ್ಬು. ಮೊಹರಮಿನ ಹಿಂದಿನ ರಾತ್ರಿಯನ್ನು ನಮ್ಮವರು 'ಕತ್ತಲ ರಾತ್ರಿ' ಎನ್ನುತ್ತಾರೆ. ಮೂಲದ 'ಖತಲ್' ಎಂಬುದು ಕೊಲೆಯೆಂಬ ಅರ್ಥದ ಅರಬ್ಬಿ ಪದ. ಕನ್ನಡದ ಕಿವಿ ಅದನ್ನು ಕತ್ತಲೆಂದು ಕೇಳಿಸಿಕೊಂಡಿತು. ಅರ್ಥ ಬೇರೆಯಾದರೂ ದುಃಖ ಹಾಗೆಯೇ ಉಳಿಯಿತು.

ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ನಮಗೆ ಇಲ್ಲೊಂದು ಚಿಂತೆಯಿದೆ. ಪದ ಹಾಡುವವರ ಸುತ್ತ ಕುಳಿತ ಹುಡುಗರಲ್ಲಿ ಹಲಗೆಗೆ ತಲೆದೂಗುವವರು ಬಹಳ. ಸಾಲುಗಳ ಅರ್ಥ ಬಲ್ಲವರು ಕಡಿಮೆ. 'ಮಜ್ಜನ'ವೆಂದರೇನು, 'ಸಮ್ಮತಿ'ಯೆಂದರೇನು ಎಂದು ಕೇಳಿದರೆ ಉತ್ತರ ತಡವಾಗುತ್ತದೆ. ನಿರಾಶರಾಗಬೇಕಿಲ್ಲ. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿಯಲ್ಲಿ ಶಾಲೆ ಕಲಿತು, ಕನ್ನಡವನ್ನು ತಾವಾಗಿಯೇ ಅಭ್ಯಾಸ ಮಾಡಿ, ಸಿದ್ಧರಾಮರನ್ನು ಕುರಿತು ಪುರಾಣಕಾವ್ಯ ಬರೆದರು. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಪದವಿಗೇರಿದ ಮೊದಲ ಮಹಿಳೆ ಅವರು. ನಮ್ಮ ಮಕ್ಕಳಿಗಂತೂ ಶಾಲೆಯೇ ಕನ್ನಡದಲ್ಲಿದೆ.

ಲೆಕ್ಕದ ಪ್ರಕಾರ ಜಾತ್ರೆ ಮತ್ತು ಮೊಹರಂಗಳು 2041ರ ಜನವರಿಯಲ್ಲಿ ಮತ್ತೆ ಜೊತೆಗೂಡುತ್ತವೆ. ಇಂದು ನಾಲ್ಕನೆಯ ತರಗತಿಯಲ್ಲಿರುವ ಮಗು ಆಗ ಇಪ್ಪತ್ತೈದರ ಆಸುಪಾಸಿನಲ್ಲಿರುತ್ತದೆ. ಪದ ಬಲ್ಲ ಮುತ್ಯಾಗಳಲ್ಲಿ ಅನೇಕರು ಇರಲಾರರು. ಆದುದರಿಂದ ಪಾಲಕರಲ್ಲಿ, ಗುರುಗಳಲ್ಲಿ ಒಂದು ಬಿನ್ನಹ. ಮುಂದಿನ ಹಬ್ಬದ ರಜೆಯಲ್ಲಿ ಪ್ರತಿಯೊಂದು ಮಗುವಿನ ಕೈಗೆ ನೂರು ಹಾಳೆಯ ಒಂದು ವಹಿ ಕೊಡೋಣ. ಮನೆಯ ಅಥವಾ ಓಣಿಯ ಹಿರಿಯರೊಬ್ಬರಿಂದ ಜಾತ್ರೆಯ ಒಂದು ಪದ, ಮೊಹರಮಿನ ಒಂದು ಪದ ಕೇಳಿ, ತಿಳಿಯದ ಮಾತಿನ ಅರ್ಥವನ್ನೂ ವಿಚಾರಿಸಿ, ತನ್ನ ಕೈಬರಹದಲ್ಲಿ ಅದು ಬರೆದು ತರಲಿ.