ಕಟ್ಟಾಯದಿಂದ ಬಿಸಿಲೂರಿಗೆ

ಹಾಸನಕ್ಕೆ ‘ಬಡವರ ಊಟಿ’ ಎಂಬ ಹೆಸರು ಬಂದು ಬಹಳ ಕಾಲವಾಯಿತು. ಬಯಲುಸೀಮೆ ಕಾದ ಹೆಂಚಿನಂತಿರುವ ದಿನಗಳಲ್ಲಿಯೂ ಇಲ್ಲಿ ಸಂಜೆಯ ಗಾಳಿಗೆ ತಂಪು ಉಳಿದಿರುತ್ತದೆ. ಈ ತಾಲ್ಲೂಕಿನ ಕಟ್ಟಾಯ ಹೋಬಳಿಯಂತೂ ಹೇಮಾವತಿಯ ನೆರೆಯದು. ಹೊಲದಲ್ಲಿ ರಾಗಿ, ಆಲೂಗೆಡ್ಡೆ, ನೀರು ಸಿಕ್ಕಿದ ಕಡೆ ಭತ್ತ, ಹಿತ್ತಿಲಲ್ಲಿ ತೆಂಗು. ಬಿಸಿಲಿಗೂ ಬಡತನವಿಲ್ಲ, ನೆರಳಿಗೂ ಬಡತನವಿಲ್ಲ. ಇಂಥ ಸೀಮೆಯವರು ಬಿಸಿಲನ್ನು ಅರಸಿ ಕಡಲು ದಾಟುವುದೆಂದರೆ ಕೇಳಿದವರಿಗೆ ನಗು ಬಂದೀತು.

ಆದರೂ ದಾಟುವ ಕಾಲ ಬಂದಿದೆ. ಓದಿದ ಮಕ್ಕಳು ಬೆಂಗಳೂರಿಗೆ ಹೋದರು. ಬೆಂಗಳೂರಿನಿಂದ ಕೆಲವರು ಆಸ್ಟ್ರೇಲಿಯಾಕ್ಕೆ ಹೋದರು. ಆ ಖಂಡದ ಈಶಾನ್ಯ ಭಾಗದಲ್ಲಿ ಕ್ವೀನ್ಸ್‌ಲೆಂಡ್ ಎಂಬ ವಿಸ್ತಾರವಾದ ರಾಜ್ಯವಿದೆ. ‘ಬಿಸಿಲಿನ ರಾಜ್ಯ’ ಎಂಬ ಬಿರುದನ್ನು ಅದು ತನ್ನ ಕಾರುಗಳ ನಂಬರ್ ಹಲಗೆಯ ಮೇಲೆಯೇ ಬರೆಯಿಸಿಕೊಂಡಿದೆ. ಅದರ ರಾಜಧಾನಿ ಬ್ರಿಸ್ಬೇನ್. ಚಳಿಯ ನಾಡಿನವರು ಅಲ್ಲಿಗೆ ಬಿಸಿಲು ಕಾಯಲು ಹೋಗುತ್ತಾರೆ. ಹಾಸನದ ಕಡೆಯ ತಾಯಿತಂದೆ ಹೋಗುವುದು ಮೊಮ್ಮಗುವನ್ನು ನೋಡಲು. ಉದ್ದೇಶ ಬೇರೆಯಾದ ಮೇಲೆ ಪ್ರಯಾಣದ ಯೋಜನೆಯೂ ಬೇರೆಯಾಗಬೇಕು. ಪ್ರವಾಸಿಗಳಿಗಾಗಿ ಅಚ್ಚಾದ ಕೈಪಿಡಿಗಳು ಈ ಮಾತನ್ನು ಹೇಳುವುದಿಲ್ಲ.

ಹೀಗೆ ಹೊರಡುವವರಿಗೆ ಹೇಮಾವತಿಯ ದಡದಲ್ಲಿಯೇ ಒಬ್ಬ ಹಿರಿಯರ ಮೇಲ್ಪಂಕ್ತಿಯುಂಟು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಹಳ್ಳಿಯ ಬದುಕನ್ನು ಬರೆದೇ ಹೆಸರಾದವರು. ಅವರಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ತಂದದ್ದು ಮಾತ್ರ ‘ಅಮೆರಿಕಾದಲ್ಲಿ ಗೊರೂರು’ ಎಂಬ ಪ್ರವಾಸ ಕಥನ. ಆ ಹೆಸರಿನಲ್ಲಿಯೇ ಒಂದು ಗುಟ್ಟಿದೆ. ಎಷ್ಟು ದೂರ ಹೋದರೂ ಊರು ಜೊತೆಯಲ್ಲಿಯೇ ಬರುತ್ತದೆ. ಕಂಡದ್ದನ್ನೆಲ್ಲ ಅದು ಅಳೆದು ನೋಡುತ್ತದೆ.

ಯಾವ ತಿಂಗಳು?

ಕಟ್ಟಾಯದ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಅರವತ್ತು ದಾಟಿದ ಯಜಮಾನರು, ಅವರ ಮಡದಿ. ಮೂರು ಎಕರೆ ಹೊಲ, ಎರಡು ಹಸು. ಮಗ, ಸೊಸೆ, ಏಳು ವರ್ಷದ ಮೊಮ್ಮಗಳು ಬ್ರಿಸ್ಬೇನಿನಲ್ಲಿ. “ಅಪ್ಪ, ಈ ವರ್ಷವಾದರೂ ಅಮ್ಮನನ್ನು ಕರೆದುಕೊಂಡು ಬಂದುಬಿಡಿ” ಎಂದು ಮಗ ಪ್ರತಿ ಭಾನುವಾರವೂ ಫೋನಿನಲ್ಲಿ ಹೇಳುತ್ತಾನೆ. “ಕೊಯ್ಲು ಮುಗಿಯಲಪ್ಪ” ಎಂಬುದು ತಂದೆಯ ಉತ್ತರ. ಕೊಯ್ಲು ಮುಗಿಯುತ್ತದೆ, ಬಿತ್ತನೆ ಬರುತ್ತದೆ. ವರ್ಷಗಳು ಹೀಗೆ ಸರಿಯುತ್ತವೆ. ಮಗುವಿನ ಬಾಲ್ಯ ಮಾತ್ರ ಯಾರಿಗೂ ಕಾಯುವುದಿಲ್ಲ.

ಆದುದರಿಂದ ಮೊದಲು ಗೊತ್ತುಮಾಡಬೇಕಾದದ್ದು ತಿಂಗಳು. ಬ್ರಿಸ್ಬೇನ್ ಭೂಮಧ್ಯರೇಖೆಯ ದಕ್ಷಿಣಕ್ಕಿರುವುದರಿಂದ ಅಲ್ಲಿಯ ಋತುಗಳು ತಿರುಗುಮುರುಗು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೇಸಗೆ. ಮಧ್ಯಾಹ್ನದ ಶಾಖ ಸುಮಾರು 30 ಡಿಗ್ರಿ, ಜೊತೆಗೆ ಬೆವರಿಳಿಸುವ ತೇವ, ಗುಡುಗುಮಳೆ. ವರ್ಷದ ಮಳೆಯ ದೊಡ್ಡ ಪಾಲು ಈ ಕಾಲದ್ದೇ. ಜೂನಿನಿಂದ ಆಗಸ್ಟಿನವರೆಗೆ ಅಲ್ಲಿ ಚಳಿಗಾಲ. ತಿಳಿಯಾದ ಆಕಾಶ, ಹಗಲು ಹಿತವಾದ ಬಿಸಿಲು, ರಾತ್ರಿ ಸುಮಾರು 10 ಡಿಗ್ರಿಯ ಚಳಿ. ಪ್ರವಾಸಿಗೆ ಇದೇ ಉತ್ತಮ ಕಾಲವೆಂದು ಎಲ್ಲರೂ ಹೇಳುತ್ತಾರೆ.

ಆದರೆ ಆ ದಿನಗಳಲ್ಲಿ ಕಟ್ಟಾಯದ ರೈತ ಊರು ಬಿಡಲಾರ. ಪಂಜಾಬಿನ ಜಲಂಧರದ ಕಡೆಯಿಂದ ಬಿತ್ತನೆಯ ಆಲೂಗೆಡ್ಡೆ ಹಾಸನದ ಮಾರುಕಟ್ಟೆಗೆ ಮೇ ತಿಂಗಳಲ್ಲಿ ಬರುತ್ತದೆ. ಮುಂಗಾರಿನ ಮೊದಲ ಹದದಲ್ಲಿ ಅದನ್ನು ನೆಲಕ್ಕೆ ಹಾಕಬೇಕು. ಆಮೇಲೆ ಅಂಗಮಾರಿಯ ಭಯ. ಮೋಡ ಮುಚ್ಚಿ ಸೋನೆ ಹಿಡಿಯಿತೆಂದರೆ ನಾಲ್ಕೇ ದಿನದಲ್ಲಿ ಹೊಲ ಕಪ್ಪಾದೀತು. ಈ ರೋಗದ ಹೊಡೆತದಿಂದ ಆಲೂಗೆಡ್ಡೆಯನ್ನೇ ಕೈಬಿಟ್ಟವರು ಜಿಲ್ಲೆಯಲ್ಲಿ ಬಹಳ ಮಂದಿ. ಗೆಡ್ಡೆ ಕೀಳುವಷ್ಟರಲ್ಲಿ ಶ್ರಾವಣ ಭಾದ್ರಪದಗಳು. ರಾಗಿಯ ಕೊಯ್ಲು ಒಕ್ಕಣೆಗಳು ಮುಗಿಯುವಾಗ ಸಂಕ್ರಾಂತಿ.

ಎರಡು ಪಂಚಾಂಗಗಳನ್ನೂ ಎದುರಿಗಿಟ್ಟುಕೊಂಡು ನೋಡಿದರೆ ನಡುವೆ ಒಂದು ಸಂದು ಕಾಣುತ್ತದೆ: ಯುಗಾದಿಯ ಸುಮಾರಿನಿಂದ ಮೇ ಮೊದಲ ವಾರದವರೆಗೆ. ಇಲ್ಲಿ ಕಣ ಬರಿದಾಗಿರುತ್ತದೆ. ಅಲ್ಲಿ ಶರತ್ಕಾಲ ಕಾಲಿಡುತ್ತಿರುತ್ತದೆ. ಮಳೆಯ ಆರ್ಭಟ ತಗ್ಗುತ್ತದೆ, ಏಪ್ರಿಲಿನ ಹಗಲು ಸುಮಾರು 27 ಡಿಗ್ರಿ, ಅಂದರೆ ಹಾಸನದವರಿಗೆ ಒಗ್ಗಿದ ಹವೆ. ಈಸ್ಟರ್ ಹಬ್ಬದ ಸುಮಾರಿಗೆ ಕ್ವೀನ್ಸ್‌ಲೆಂಡಿನ ಶಾಲೆಗಳಿಗೆ ಎರಡು ವಾರ ರಜವೂ ಉಂಟು. ಮೊಮ್ಮಗಳು ಮನೆಯಲ್ಲಿರುವ ಆ ಹದಿನೈದು ದಿನಗಳೇ ಇಡೀ ಪ್ರಯಾಣದ ತಿರುಳು. ಟಿಕೆಟ್ಟಿನ ತಾರೀಖನ್ನು ಅದರ ಸುತ್ತ ಕೂಡಿಸಬೇಕೇ ಹೊರತು ವಿಮಾನದ ದರ ಎಂದು ಅಗ್ಗವೋ ಅಂದು ಹೊರಡುವುದು ಸಲ್ಲದು.

ಹೊರಡುವ ಮುನ್ನ

ಆಸ್ಟ್ರೇಲಿಯಾಕ್ಕೆ ಹೋಗುವ ಭಾರತೀಯರು ಇಲ್ಲಿಂದಲೇ ವೀಸಾ ಪಡೆದು ಹೊರಡಬೇಕು. ಸಂದರ್ಶಕರ ವೀಸಾಕ್ಕೆ 600 ಎಂಬ ಅಂಕಿ. ಮಗನ ಆಹ್ವಾನ ಪತ್ರ, ಖರ್ಚಿಗೆ ಹಣವಿರುವ ದಾಖಲೆ, ಊರಿಗೆ ಹಿಂದಿರುಗುವರೆಂಬುದಕ್ಕೆ ಆಧಾರ, ಇವು ಮುಖ್ಯ. ಹೊಲದ ಪಹಣಿ ಈ ಕೆಲಸಕ್ಕೂ ಬರುತ್ತದೆಂದರೆ ಯಜಮಾನರಿಗೆ ಆಶ್ಚರ್ಯವಾದೀತು. ಹೊರಡುವ ಮೂರು ತಿಂಗಳ ಮೊದಲೇ ಅರ್ಜಿ ಹಾಕಿದರೆ ಮನಸ್ಸು ನಿರಾಳ. ಸಂದರ್ಶಕರಾಗಿ ಹೋದ ಭಾರತೀಯರಿಗೆ ಅಲ್ಲಿಯ ಸರ್ಕಾರದ ಆರೋಗ್ಯ ಯೋಜನೆ ಅನ್ವಯಿಸುವುದಿಲ್ಲ. ರಕ್ತದೊತ್ತಡ, ಸಕ್ಕರೆ ಖಾಯಿಲೆಗಳನ್ನು ಮುಚ್ಚಿಡದೆ ತಿಳಿಸಿ ವಿಮೆ ಮಾಡಿಸುವುದು ವಿವೇಕ. ಗುಳಿಗೆಗಳನ್ನು ಅಂಗಡಿಯ ಕಟ್ಟಿನಲ್ಲಿಯೇ, ವೈದ್ಯರ ಚೀಟಿಯೊಡನೆ ಒಯ್ಯಬೇಕು.

ಅಜ್ಜಿಯ ಕಷ್ಟ ಬೇರೆ. ಬರಿಗೈಯಲ್ಲಿ ಮೊಮ್ಮಗಳ ಮನೆಗೆ ಹೋಗುವುದೆ? ಸಂಡಿಗೆ, ಹಪ್ಪಳ, ಹುರಿಹಿಟ್ಟು, ಹಿತ್ತಿಲಿನ ಅವರೆಬೀಜ, ಹಾಲಿನ ಸಿಹಿ ಎಂದು ಗಂಟು ಬೆಳೆಯುತ್ತದೆ. ಆಸ್ಟ್ರೇಲಿಯಾ ಕೃಷಿಯನ್ನು ನಂಬಿದ ದೇಶ. ಹೊರಗಿನ ಕೀಟ ರೋಗಗಳು ಒಳಗೆ ಬಾರದಂತೆ ಅದು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ. ಹಣ್ಣುಹಂಪಲು, ಬಿತ್ತನೆಯ ಬೀಜ, ಹಾಲಿನಿಂದ ಮಾಡಿದ ಸಿಹಿ, ಇವನ್ನು ಮನೆಯಲ್ಲಿಯೇ ಬಿಡುವುದು ಮೇಲು. ಉಳಿದ ತಿನಿಸು ಒಯ್ದರೆ ಅದನ್ನು ಒಂದೂ ಬಿಡದೆ ಘೋಷಣಾ ಪತ್ರದಲ್ಲಿ ಬರೆಯಬೇಕು. ಬರೆದ ಪದಾರ್ಥ ಸಲ್ಲದಿದ್ದರೆ ತೆಗೆದುಕೊಂಡುಬಿಡುತ್ತಾರೆ, ಅಷ್ಟೆ. ಬರೆಯದೆ ಸಿಕ್ಕಿಬಿದ್ದರೆ ಭಾರಿ ದಂಡ.

ಇನ್ನೊಂದು ಪ್ರಶ್ನೆಯೂ ಆ ಪತ್ರದಲ್ಲಿದೆ: ಕಳೆದ 30 ದಿನಗಳಲ್ಲಿ ಹೊಲ, ದನಕರುಗಳ ಸಂಪರ್ಕವಿತ್ತೆ? ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದವರು ‘ಹೌದು’ ಎನ್ನದೆ ಹೇಗೆ ತಾನೆ ಇದ್ದಾರು? ಹೆದರಬೇಕಾದ್ದಿಲ್ಲ. ಕಾಲುಬಾಯಿ ಜ್ವರದ ಭಯದಿಂದ ಕೇಳುವ ಪ್ರಶ್ನೆ ಅದು. ಕೊಟ್ಟಿಗೆಯಲ್ಲಿ ಮೆಟ್ಟಿದ ಚಪ್ಪಲಿಯನ್ನು ಊರಿನಲ್ಲಿಯೇ ಬಿಟ್ಟು, ಚೆನ್ನಾಗಿ ತೊಳೆದ ಬೇರೆ ಜೋಡನ್ನು ಹಾಕಿಕೊಂಡು, ನಿಜವನ್ನು ಬರೆದರೆ ಸಾಕು.

ಇನ್ನು ದಾರಿ. ಹಾಸನದಿಂದ ಚನ್ನರಾಯಪಟ್ಟಣ, ಕುಣಿಗಲ್ಲುಗಳ ಮೇಲೆ ಬೆಂಗಳೂರು. ಅಲ್ಲಿಂದ ಸಿಂಗಪುರಕ್ಕೆ ನಾಲ್ಕೂವರೆ ಗಂಟೆ. ಮತ್ತೊಂದು ವಿಮಾನದಲ್ಲಿ ಸುಮಾರು ಎಂಟು ಗಂಟೆ. ವಿಮಾನ ಬದಲಿಸುವ ಕಡೆ ನಡಿಗೆ ಬಹಳ. ಟಿಕೆಟ್ ಕೊಳ್ಳುವಾಗಲೇ ಗಾಲಿಕುರ್ಚಿಯ ನೆರವನ್ನು ಕೇಳಿಕೊಂಡರೆ ದಾರಿ ತೋರಿಸಲೂ ಒಬ್ಬರು ಜೊತೆಗಿರುತ್ತಾರೆ. ಮಂಡಿನೋವಿನವರು ಇದಕ್ಕೆ ಸಂಕೋಚಪಡಬಾರದು.

ಪರಿಚಿತ ಮರಗಳ ಊರು

ಬ್ರಿಸ್ಬೇನಿಗೆ ಇಳಿದವರು ಮೊದಲು ನೋಡಬೇಕಾದದ್ದು ಮರಗಳನ್ನು. ಸಕಲೇಶಪುರ, ಬೇಲೂರುಗಳ ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿಯನ್ನು ಹೊತ್ತು ನಿಂತಿರುವ ಸಿಲ್ವರ್ ಮರದ ತವರು ಆಸ್ಟ್ರೇಲಿಯಾದ ಈ ಪೂರ್ವ ಕರಾವಳಿಯೇ. ಹಾಸನದ ಬಯಲುಗಳಲ್ಲಿ ತೋಪು ತೋಪಾಗಿ ನಿಂತ ನೀಲಗಿರಿಯೂ ಆ ಖಂಡದಿಂದ ಬಂದದ್ದು. ಊರಿನಲ್ಲಿ ನೀಲಗಿರಿ ನೆಲದ ನೀರನ್ನೆಲ್ಲ ಹೀರುತ್ತದೆಂದು ಬೈಸಿಕೊಳ್ಳುವ ಮರ. ಅಲ್ಲಿ ಅದೇ ಕುಲದ ಎಲೆಯನ್ನೇ ಉಂಡು ಕೋಲಾ ಎಂಬ ಪ್ರಾಣಿ ದಿನವೆಲ್ಲ ನಿದ್ರಿಸುತ್ತದೆ. 1927ರಲ್ಲಿ ಆರಂಭವಾದ ಲೋನ್ ಪೈನ್ ಧಾಮದಲ್ಲಿ ಕೋಲಾಗಳನ್ನು ಹತ್ತಿರದಿಂದ ಕಾಣಬಹುದು. ಮೊದಲು ಅವುಗಳನ್ನು ಎತ್ತಿಕೊಂಡು ಚಿತ್ರ ತೆಗೆಸಿಕೊಳ್ಳುವ ಪದ್ಧತಿಯಿತ್ತು; 2024ರಲ್ಲಿ ಅದನ್ನು ನಿಲ್ಲಿಸಿದರು. ಕೋಲಾಕ್ಕೆ ಅದರಿಂದ ಸುಖವೇ ಆಗಿರಬೇಕು.

ನದಿಯೂ ಅಪರಿಚಿತವೆನಿಸದು. ಬ್ರಿಸ್ಬೇನ್ ನದಿ ನಗರದ ನಡುವೆ ಹಾವಿನಂತೆ ಹೊರಳಿ ಹೊರಳಿ ಹರಿಯುತ್ತದೆ. 1974ರ ಮಹಾಪ್ರವಾಹದಲ್ಲಿ ನಗರ ಮುಳುಗಿತು. ಮುಂದೆ ಮೇಲ್ಭಾಗದಲ್ಲಿ ವೈವನ್‌ಹೊ ಅಣೆಕಟ್ಟು 1984ರಲ್ಲಿ ಎದ್ದಿತು. ಆದರೂ 2011ರಲ್ಲಿ, 2022ರಲ್ಲಿ ನೀರು ಮತ್ತೆ ಬೀದಿಗೆ ಬಂತು. 1979ರಲ್ಲಿ ಮುಗಿದ ಗೊರೂರಿನ ಅಣೆಕಟ್ಟಿನ ಹಿನ್ನೀರನ್ನು ನೋಡಿ ಬಲ್ಲವರಿಗೆ ನದಿಯ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಗಲು ಕಳೆಯುವ ಬಗೆ

ಮಕ್ಕಳ ಮನೆಗೆ ಹೋದ ಹಿರಿಯರಿಗೆ ಕಷ್ಟವಾಗುವುದು ರಜದ ದಿನಗಳಲ್ಲ, ಕೆಲಸದ ದಿನಗಳು. ರಜ ಮುಗಿದು ಎಲ್ಲರೂ ಬೆಳಗ್ಗೆ ಎಂಟಕ್ಕೆ ಹೊರಟರೆ ಮನೆ ನಿಶ್ಶಬ್ದ. ಜಗಲಿಯಿಲ್ಲ, ದಾರಿಹೋಕರಿಲ್ಲ, “ಊಟ ಆಯ್ತಾ?” ಎನ್ನುವ ನೆರೆಯವರಿಲ್ಲ. ವಾರಾಂತ್ಯದ ವಿಹಾರಗಳ ಪಟ್ಟಿಯನ್ನು ಶ್ರದ್ಧೆಯಿಂದ ಮಾಡುವ ಮಗ ಈ ಹಗಲುಗಳ ಯೋಚನೆಯನ್ನು ಮೊದಲೇ ಮಾಡಬೇಕು.

ಇದಕ್ಕೆ ಆ ನಗರದಲ್ಲಿ ಒಳ್ಳೆಯ ಅನುಕೂಲವಿದೆ. 2024ರ ಆಗಸ್ಟಿನಿಂದ ಅಲ್ಲಿಯ ಸಾರ್ವಜನಿಕ ಬಸ್ಸು, ರೈಲು, ದೋಣಿಗಳಲ್ಲಿ ಎಷ್ಟು ದೂರ ಹೋದರೂ 50 ಸೆಂಟು ಮಾತ್ರ. ಮರುವರ್ಷ ಇದನ್ನೇ ಶಾಶ್ವತಗೊಳಿಸಿದರು. ಮೊದಲ ವಾರದಲ್ಲಿ ಮಗ ಎರಡು ಬಾರಿ ಜೊತೆಗೆ ಬಂದು ಒಂದೇ ಒಂದು ದಾರಿಯನ್ನು ರೂಢಿ ಮಾಡಿಸಿದರೆ ಸಾಕು; ಹಾಸನದ ಬಸ್ ನಿಲ್ದಾಣದ ನೂಕುನುಗ್ಗಲನ್ನು ಗೆದ್ದವರಿಗೆ ಅದೇನೂ ದೊಡ್ಡದಲ್ಲ. ದೋಣಿಯಲ್ಲಿ ಸೌತ್ ಬ್ಯಾಂಕಿಗೆ ಹೋಗಬಹುದು. 1988ರ ವಿಶ್ವ ಪ್ರದರ್ಶನ ನಡೆದ ಜಾಗವನ್ನು 1992ರಲ್ಲಿ ಉದ್ಯಾನವಾಗಿ ತೆರೆದರು. ಊರ ನಡುವೆಯೇ ಮರಳು ಹಾಸಿದ ಈಜುಕೊಳ, ಮರದ ನೆರಳು, ಕೂರಲು ಬೆಂಚು. ದೇವರ ದರ್ಶನಕ್ಕೆ ದಕ್ಷಿಣದ ಸೌತ್ ಮೆಕ್ಲೀನಿನಲ್ಲಿ ಸೆಲ್ವ ವಿನಾಯಕರ್ ದೇವಾಲಯವಿದೆ.

ಕ್ರಿಕೆಟ್ ಪ್ರಿಯರಾದ ಯಜಮಾನರಿಗೆ ಗಬ್ಬಾ ಮೈದಾನವನ್ನು ಹೊರಗಿನಿಂದಲಾದರೂ ತೋರಿಸಬೇಕು. ಹೆಸರಿನಲ್ಲಿಯೇ ಹಾಸನ ಜಿಲ್ಲೆಯ ಜಾವಗಲ್ಲನ್ನು ಹೊತ್ತ ಶ್ರೀನಾಥ್ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದ್ದು ಅಲ್ಲಿ, 1991ರ ನವೆಂಬರಿನಲ್ಲಿ.

ಬಿಸಿಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅಲ್ಲಿಯ ಬಿಸಿಲು ಮೈಗೆ ತಂಪೆನಿಸಿದರೂ ಚರ್ಮವನ್ನು ಸುಡುತ್ತದೆ. ಚರ್ಮದ ಕ್ಯಾನ್ಸರ್ ಕ್ವೀನ್ಸ್‌ಲೆಂಡಿನಲ್ಲಿ ಅತಿ ಹೆಚ್ಚು. ಟೋಪಿಯಿಲ್ಲದ ಮಗುವಿಗೆ ಆಟವಿಲ್ಲವೆಂಬುದು ಅಲ್ಲಿಯ ಶಾಲೆಗಳ ನಿಯಮ. ತಾತ ತಲೆಗೆ ಟವೆಲ್ ಸುತ್ತಿಕೊಂಡು ಹೊರಟರೆ ಸೊಸೆ ನಾಚಿಕೆಪಡಬೇಕಾದ್ದಿಲ್ಲ.

ವಿಹಾರಕ್ಕೆ ಗೋಲ್ಡ್ ಕೋಸ್ಟಿನ ಕಡಲತೀರ ಒಂದು ದಿನಕ್ಕೆ ಸಾಕು. ಇನ್ನೊಂದು ದಿನವನ್ನು ಪಶ್ಚಿಮಕ್ಕೆ, ಲಾಕ್ಯರ್ ಕಣಿವೆಗೆ ಮೀಸಲಿಡಬೇಕು. ಪ್ರವಾಸಿಗಳು ಅತ್ತ ಹೆಚ್ಚಾಗಿ ತಿರುಗುವುದಿಲ್ಲ. ಅದು ತರಕಾರಿಯ ಸೀಮೆ. ಆಲೂಗೆಡ್ಡೆಯೂ ಅಲ್ಲಿ ಬೆಳೆಯುತ್ತದೆ. ಅದರ ಮುಖ್ಯ ಊರಾದ ಗ್ಯಾಟನ್ನಿನಲ್ಲಿ 1897ರಲ್ಲಿಯೇ ಕೃಷಿ ಕಾಲೇಜು ತೆರೆದರು. ಅದೀಗ ವಿಶ್ವವಿದ್ಯಾನಿಲಯದ ಅಂಗ. ಕಡಲನ್ನು ಕಂಡು ಸುಮ್ಮನಿದ್ದ ಯಜಮಾನರು ಅಲ್ಲಿಯ ಕರಿಮಣ್ಣನ್ನು ಕಂಡರೆ ಮಾತಾಡದೆ ಇರಲಾರರು. ತಂದೆ ತನಗೆ ತಿಳಿದ ವಿಷಯವನ್ನು ಮಗನಿಗೆ ವಿವರಿಸುವ ಒಂದು ಮಧ್ಯಾಹ್ನ ಆ ಪರದೇಶದಲ್ಲಿ ಸಿಕ್ಕುವುದಾದರೆ ಅದಕ್ಕಿಂತ ಒಳ್ಳೆಯ ವಿಹಾರ ಬೇರೆ ಯಾವುದಿದ್ದೀತು?

ರಾತ್ರಿ ಅಂಗಳಕ್ಕೆ ಬಂದರೆ ಆಕಾಶವೂ ಬೇರೆ. ಕಟ್ಟಾಯದಲ್ಲಿ ದಕ್ಷಿಣ ದಿಗಂತದ ಬಳಿ ತಗ್ಗಿನಲ್ಲಿ ಕಾಣುವ ತ್ರಿಶಂಕು ಅಲ್ಲಿ ನೆತ್ತಿಯತ್ತ ಏರಿ ನಿಂತಿರುತ್ತದೆ. ಇಲ್ಲಿಗೂ ಸಲ್ಲದೆ ಅಲ್ಲಿಗೂ ಸಲ್ಲದೆ ನಡುವೆ ನಿಂತ ಅರಸನ ಕಥೆಯನ್ನು ಮೊಮ್ಮಗಳಿಗೆ ಹೇಳಲು ತಾತನಿಗೆ ಇದಕ್ಕಿಂತ ತಕ್ಕ ಜಾಗವಿಲ್ಲ. ಕಥೆ ಕೇಳಿ ಮಗ ಒಂದು ಗಳಿಗೆ ಸುಮ್ಮನಾದರೆ ಅದರಲ್ಲಿ ಆಶ್ಚರ್ಯವೂ ಇಲ್ಲ.

ಮೇ ಮೊದಲ ವಾರ ಹಿಂದಿರುಗುವ ಟಿಕೆಟ್ಟು. ಬಿತ್ತನೆಯ ಗೆಡ್ಡೆ ಬರುವಷ್ಟರಲ್ಲಿ ಯಜಮಾನರು ಹೊಲದಲ್ಲಿರಬೇಕು. ಆದರೆ ಹೊರಡುವ ಮುನ್ನ ಇನ್ನೊಂದು ತಾರೀಖನ್ನೂ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಸೆಪ್ಟೆಂಬರಿನ ಕೊನೆಗೆ ಮೊಮ್ಮಗಳ ಶಾಲೆಗೆ ಮತ್ತೆ ಎರಡು ವಾರ ರಜ. ಆಗ ಹೇಮಾವತಿಯ ಹಿನ್ನೀರು ತುಂಬಿ, ಶೆಟ್ಟಿಹಳ್ಳಿಯ ಹಳೆಯ ಇಗರ್ಜಿ ಎದೆಯಮಟ್ಟ ನೀರಿನಲ್ಲಿ ನಿಂತಿರುತ್ತದೆ. ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ಮತ್ತೆ ಹೊರಬರುವ ಆ ಗೋಡೆಗಳನ್ನು ತೋರಿಸಲು ತಾತ ದಡದಲ್ಲಿ ಕಾದಿರುತ್ತಾರೆಂದು ಮಗುವಿಗೆ ಮಾತು ಕೊಟ್ಟು ಬರಲಿ.