ಹೊಂಗೆ ಚಿಗುರುವಾಗ ಹನ್ನೊಂದು ಜನರ ಹುಡುಕಾಟ

ಪರೀಕ್ಷೆ ಮುಗಿದ ಏಪ್ರಿಲ್ ಬೆಳಗಿನಲ್ಲಿ ಮೆಟ್ರೊದ ಹಸಿರು ಮಾರ್ಗ ಹಿಡಿದು ದಕ್ಷಿಣ ಬೆಂಗಳೂರಿನ ಕಡೆ ಹೊರಟರೆ ಬೋಗಿಯ ತುಂಬ ಕ್ರಿಕೆಟ್ ಕಿಟ್ ಬ್ಯಾಗುಗಳು. ಹುಡುಗ ನಾಲ್ಕಡಿ ಇದ್ದರೆ ಬ್ಯಾಗು ಅವನಿಗಿಂತ ಒಂದು ಗೇಣು ಉದ್ದ. ಪಕ್ಕದಲ್ಲಿ ನೀರಿನ ಬಾಟಲಿ, ಬಾಳೆಹಣ್ಣು ಹಿಡಿದ ಅಪ್ಪನೋ ಅಜ್ಜನೋ ಇರಲೇಬೇಕು. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಒಂದು ಗುಂಪು ಇಳಿಯಿತು. ಆಮೇಲೆ ಸೌತ್ ಎಂಡ್ ಸರ್ಕಲ್, ಜಯನಗರ, ಬನಶಂಕರಿ, ಜೆ.ಪಿ. ನಗರ, ಹೀಗೆ ಪ್ರತಿ ನಿಲ್ದಾಣದಲ್ಲೂ ಒಂದಷ್ಟು ಬ್ಯಾಗು. ಬಿಟಿಎಂ ಲೇಔಟ್ ಕಡೆಯವರು ಆರ್.ವಿ. ರಸ್ತೆಯಲ್ಲಿ ಇಳಿದು, 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗದ ರೈಲಿಗೆ ಓಡುತ್ತಾರೆ. ಇಷ್ಟೊಂದು ಮಕ್ಕಳು ಬೆಳ್ಳಂಬೆಳಗ್ಗೆ ಎಲ್ಲಿಗೆ ಹೊರಟಿದ್ದಾರೆ ಎಂದು ನೋಡಲೆಂದೇ ನಾನು ಜಯನಗರದಲ್ಲಿ ಇಳಿದುಬಿಟ್ಟೆ.

1948ರಲ್ಲಿ ನಕ್ಷೆ ಹಾಕಿ ಕಟ್ಟಿದ ಬಡಾವಣೆ ಇದು. ಬ್ಲಾಕು, ಕ್ರಾಸು, ಮೇನು ಎಲ್ಲ ಲೆಕ್ಕದಲ್ಲಿವೆ. ಆ ಲೆಕ್ಕದ ನಡುವೆ ಮರಗಳು ಮಾತ್ರ ತಮ್ಮಿಷ್ಟದಂತೆ ಬೆಳೆದಿವೆ. ಯುಗಾದಿಗೆ ಚಿಗುರಿದ ಹೊಂಗೆಯ ಎಲೆ ಇನ್ನೂ ಎಳೆಯದು, ಬಿಸಿಲು ಬಿದ್ದರೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಟಬೂಬಿಯಾದ ಕೊನೆಯ ಗುಲಾಬಿ ಹೂಗಳು ನಿಲ್ಲಿಸಿದ ಕಾರುಗಳ ಮೇಲೆ ಉದುರಿವೆ. ಐದನೇ ಬ್ಲಾಕಿನ ಶಾಲಿನಿ ಮೈದಾನ, ಮಾಧವನ್ ಪಾರ್ಕ್, ಕಿತ್ತೂರು ರಾಣಿ ಚೆನ್ನಮ್ಮ ಕ್ರೀಡಾಂಗಣ ಎಂದು ಒಂದೊಂದನ್ನೇ ನೋಡುತ್ತ ನಡೆದರೆ, ಈ ಊರಿನಲ್ಲಿ ಇಷ್ಟು ಬಯಲು ಇನ್ನೂ ಉಳಿದಿದೆಯೇ ಎಂದು ಆಶ್ಚರ್ಯ. ಒಂದೇ ಮೈದಾನದಲ್ಲಿ ನಾಲ್ಕು ಆಟ ಒಂದರೊಳಗೊಂದು ನಡೆದಿರುತ್ತವೆ. ಒಬ್ಬನ ಮಿಡ್ ಆಫ್ ಇನ್ನೊಬ್ಬನ ಸ್ಕ್ವೇರ್ ಲೆಗ್. ಯಾರ ಚೆಂಡು ಯಾರದೆಂದು ಅವರಿಗೆ ಮಾತ್ರ ಗೊತ್ತು. ಹುಡುಗಿಯರೂ ಪ್ಯಾಡ್ ಕಟ್ಟಿ ಸಾಲಿನಲ್ಲಿ ನಿಂತಿದ್ದಾರೆ. ಭಾರತದ ಮಹಿಳೆಯರು ತಮ್ಮ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ ಇದೇ ಬೆಂಗಳೂರಿನಲ್ಲಿ. ನಾಯಕಿ ಶಾಂತಾ ರಂಗಸ್ವಾಮಿಯವರೂ ಈ ಊರಿನವರೇ.

ಅಮೆರಿಕದವರು ಬೇಸ್‌ಬಾಲ್‌ಗಾಗಿ ಇಂಥದೇ ಒಂದು ಋತುವನ್ನು ಹಬ್ಬವಾಗಿಸಿಕೊಂಡಿದ್ದಾರೆ. ಫೆಬ್ರುವರಿ ನಡುವಿಗೆ ಮೂವತ್ತು ತಂಡಗಳೂ ಚಳಿ ಬಿಟ್ಟು ಬಿಸಿಲಿನ ಊರುಗಳಿಗೆ ಹೋಗುತ್ತವೆ. ಹದಿನೈದು ಅರಿಜೋನಾಕ್ಕೆ, ಹದಿನೈದು ಫ್ಲಾರಿಡಾಕ್ಕೆ. ಚೆಂಡೆಸೆಯುವ ಪಿಚರ್‌ಗಳೂ ಅದನ್ನು ಹಿಡಿಯುವ ಕ್ಯಾಚರ್‌ಗಳೂ ಮೊದಲು ಹಾಜರಾಗಬೇಕು, ಏಕೆಂದರೆ ತೋಳು ಹದಕ್ಕೆ ಬರಲು ಹೆಚ್ಚು ದಿನ ಬೇಕು. ಗೆದ್ದರೂ ಸೋತರೂ ಲೆಕ್ಕಕ್ಕಿಲ್ಲದ ಪಂದ್ಯಗಳನ್ನು ಜನ ದುಡ್ಡು ಕೊಟ್ಟು ನೋಡುತ್ತಾರೆ. ಅವರ ಕಣ್ಣೆಲ್ಲ ಒಂದೇ ಪ್ರಶ್ನೆಯ ಮೇಲೆ: 26 ಜನರ ಅಂತಿಮ ಪಟ್ಟಿಯಲ್ಲಿ ಯಾರು, ಗಾಯಾಳುಗಳ ಪಟ್ಟಿಯಲ್ಲಿ ಯಾರು? ನಮ್ಮಲ್ಲಿ ರಣಜಿ ಋತು ಶುರುವಾಗುವುದು ಮಳೆಗಾಲ ಕಳೆದ ಮೇಲೆ. ಆದರೆ ಯಾರ ಮೈ ಅದಕ್ಕೆ ತಯಾರಿದೆ ಎಂಬುದು ಗೊತ್ತಾಗುವುದು ಈ ಬೇಸಿಗೆಯ ನೆಟ್ಸ್‌ನಲ್ಲಿ. ಇಲ್ಲಿ ಟಿಕೆಟ್ ಇಲ್ಲ, ಕಾಂಪೌಂಡಿನ ಕಟ್ಟೆಯೇ ಗ್ಯಾಲರಿ.

ಆ ಕಟ್ಟೆಯ ಮೇಲೆ ಕೂತು ನೋಡಿದ್ದು ಇದು. ಹದಿನಾಲ್ಕರ ಆಸುಪಾಸಿನ ಒಬ್ಬ ವೇಗದ ಬೌಲರ್. ಓಟ ಚೆನ್ನಾಗಿದೆ, ಚೆಂಡು ಮ್ಯಾಟಿಗೆ ತಾಗಿ ಬ್ಯಾಟ್ಸ್‌ಮನ್ ಎದೆಯೆತ್ತರಕ್ಕೆ ಏಳುತ್ತಿದೆ. ಕೋಚ್ ಮಾತ್ರ ಚೆಂಡನ್ನು ನೋಡುತ್ತಿರಲಿಲ್ಲ, ಅವರ ದೃಷ್ಟಿ ಹುಡುಗನ ಸೊಂಟದ ಮೇಲಿತ್ತು. ಎಸೆದು ವಾಪಸು ನಡೆಯುವಾಗ ಹುಡುಗ ಒಮ್ಮೆ ಕೈಯನ್ನು ಬೆನ್ನ ಹಿಂದೆ ಒಯ್ದು ತಕ್ಷಣ ಇಳಿಸಿದ.

"ಬಾರೋ ಇಲ್ಲಿ. ಬೆನ್ನು ನೋಯ್ತಿದ್ಯಾ?"

"ಇಲ್ಲ ಸರ್."

"ಸರಿ, ಎಡಗಾಲೊಂದರ ಮೇಲೇ ನಿಂತ್ಕೊಂಡು ಹಿಂದಕ್ಕೆ ಬಾಗು ನೋಡೋಣ."

ಹುಡುಗ ಬಾಗಿದ. ತುಟಿ ಕಚ್ಚಿದ್ದು ಕಟ್ಟೆಯ ಮೇಲಿದ್ದ ನನಗೂ ಕಂಡಿತು. ಕೋಚ್ ಚೆಂಡು ಇಸಿದುಕೊಂಡು ಜೇಬಿಗೆ ಹಾಕಿದರು. "ಇವತ್ತು ಫೀಲ್ಡಿಂಗ್ ಮಾತ್ರ. ನಾಳೆ ಅಪ್ಪನ್ನ ಕರ್ಕೊಂಡು ಬಾ." ಹುಡುಗನ ಕಣ್ಣಲ್ಲಿ ನೀರು. "ಭಾನುವಾರ ಸೆಲೆಕ್ಷನ್ ಇದೆ ಸರ್" ಎಂದ. "ಮುಂದಿನ ವರ್ಷಾನೂ ಇರುತ್ತೆ ಕಣೋ. ಬೆನ್ನು ಇನ್ನೊಂದು ಸಿಗಲ್ಲ."

ಒಂದೇ ನಿಮಿಷದ ಮಾತು. ಆದರೆ ಅದರ ಹಿಂದೆ ಎಂಥ ತಿಳಿವಳಿಕೆ! ವೇಗವಾಗಿ ಬೌಲ್ ಮಾಡುವಾಗ ಬೆನ್ನು ಏಕಕಾಲಕ್ಕೆ ಹಿಂದಕ್ಕೆ ಬಾಗುತ್ತದೆ, ಪಕ್ಕಕ್ಕೆ ವಾಲುತ್ತದೆ, ತಿರುಚುತ್ತದೆ. ಅದೇ ಕ್ಷಣಕ್ಕೆ ಮುಂದಿನ ಕಾಲು ನೆಲಕ್ಕೆ ಅಪ್ಪಳಿಸುತ್ತದೆ. ಬಲಗೈ ಬೌಲರ್‌ಗೆ ಕೆಳಬೆನ್ನಿನ ಎಡಭಾಗದ ಮೂಳೆಯಲ್ಲೇ ಸಾಮಾನ್ಯವಾಗಿ ಕೂದಲೆಳೆಯ ಬಿರುಕು ಬಿಡುವುದು. ಬೆಳೆಯುತ್ತಿರುವ ಮಕ್ಕಳ ಎಲುಬು ಇನ್ನೂ ಗಟ್ಟಿಯಾಗಿರುವುದಿಲ್ಲ, ಹಾಗಾಗಿ ಅಪಾಯ ಅವರಿಗೇ ಹೆಚ್ಚು. ಬಿರುಕು ಕೂಡಿಕೊಳ್ಳಲು ತಿಂಗಳುಗಟ್ಟಲೆ ವಿಶ್ರಾಂತಿ ಬೇಕು. ಒಂಟಿ ಕಾಲಲ್ಲಿ ಹಿಂದಕ್ಕೆ ಬಾಗಿಸುವುದು ವೈದ್ಯರೂ ಮಾಡುವ ಪರೀಕ್ಷೆ. ಎಲುಬಿನ ಮಾತು ಆಯ್ಕೆಯಲ್ಲೂ ನಡೆಯುತ್ತದೆ. 16 ವರ್ಷದೊಳಗಿನ ಹುಡುಗರ ವಯಸ್ಸು ಖಚಿತಪಡಿಸಿಕೊಳ್ಳಲು ಬಿಸಿಸಿಐ ಎಡ ಮಣಿಕಟ್ಟಿನ ಎಕ್ಸ್-ರೇ ತೆಗೆಸುತ್ತದೆ. ಕಾಗದ ಏನೇ ಹೇಳಲಿ, ಮೂಳೆ ತನ್ನ ಲೆಕ್ಕ ತಾನು ಹೇಳುತ್ತದೆ.

ಪಕ್ಕದ ನೆಟ್‌ನಲ್ಲಿ ಇನ್ನೊಬ್ಬರು ಉದ್ದ ಹಿಡಿಯ ಸೌಟಿನಂಥ ಸೈಡ್‌ಆರ್ಮ್‌ನಿಂದ ಚೆಂಡು ಬೀಸಿ ಥ್ರೋಡೌನ್ ಕೊಡುತ್ತಿದ್ದರು. ಭುಜಕ್ಕೆ ಕಡಿಮೆ ದಣಿವು, ಚೆಂಡಿಗೆ ಹೆಚ್ಚು ವೇಗ. ಈ ಕೆಲಸವನ್ನು ಒಂದು ಕಲೆಯಾಗಿಸಿದವರು ಉತ್ತರ ಕನ್ನಡದ ಕುಮಟಾ ಕಡೆಯ ರಾಘವೇಂದ್ರ. ಕೈ ಮುರಿದು ಆಟಗಾರನಾಗುವ ಕನಸು ನಿಂತ ಮೇಲೆ ಬೆಂಗಳೂರಿಗೆ ಬಂದರು. ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ನೆಟ್ಸ್‌ನಲ್ಲಿ ಚೆಂಡೆಸೆಯುತ್ತ ಎಸೆಯುತ್ತ ಭಾರತ ತಂಡದ ಥ್ರೋಡೌನ್ ತಜ್ಞರಾದರು. 2024ರ ಟಿ20 ವಿಶ್ವಕಪ್ ಗೆದ್ದ ತಂಡದ ಜೊತೆಯಲ್ಲಿ ಅವರೂ ಇದ್ದರು.

ಹುಟ್ಟಾ ಗಟ್ಟಿಮುಟ್ಟಾದವರನ್ನಷ್ಟೇ ಆರಿಸಿದ್ದರೆ ಬಿ.ಎಸ್. ಚಂದ್ರಶೇಖರ್ ನಮಗೆ ಸಿಗುತ್ತಿರಲಿಲ್ಲ. ಮೈಸೂರಿನಲ್ಲಿ ಹುಟ್ಟಿದ ಅವರ ಬಲಗೈ ಬಾಲ್ಯದಲ್ಲೇ ಪೋಲಿಯೊದಿಂದ ಸೊರಗಿತ್ತು. ಬೆಂಗಳೂರಿನ ಬೀದಿಗಳಲ್ಲಿ ಆಡಿ, ಸಿಟಿ ಕ್ರಿಕೆಟರ್ಸ್ ಕ್ಲಬ್ ಸೇರಿ, ಆ ಸೊರಗಿದ ಕೈಯಿಂದಲೇ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಕಿತ್ತರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಪಡೆದು ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ ಗೆಲ್ಲಿಸಿದ ಕೈಯೂ ಅದೇ. ಎರಪಳ್ಳಿ ಪ್ರಸನ್ನ ಅವರ ಕಥೆ ಬೇರೆ. 1962ರಲ್ಲಿ ಟೆಸ್ಟ್ ಆಡಿ, ಆಮೇಲೆ ಎಂಜಿನಿಯರಿಂಗ್ ಮುಗಿಸಲು ಕೂತರು. ಭಾರತ ತಂಡಕ್ಕೆ ಮರಳಿದ್ದು 1967ರಲ್ಲಿ. 1973–74ರಲ್ಲಿ ಮುಂಬೈಯವರ ಹದಿನೈದು ವರ್ಷದ ರಣಜಿ ದರ್ಬಾರು ಮುರಿದ ಕರ್ನಾಟಕ ತಂಡಕ್ಕೆ ನಾಯಕರು ಅವರೇ. ಮಗನ ಓದು ಹಾಳಾಗುತ್ತದೆಂದು ಕಟ್ಟೆಯ ಮೇಲೆ ಕೂತು ಚಿಂತಿಸುವ ಅಪ್ಪಂದಿರಿಗೆ ಈ ಐದು ವರ್ಷದ ಕಥೆ ಹೇಳಬೇಕು.

ಮೈದಾನದಿಂದ ಪೂರ್ವಕ್ಕೆ ಬೈರಸಂದ್ರದ ಕಡೆ ನಡೆದರೆ ಸಂಜಯ್ ಗಾಂಧಿ ಟ್ರಾಮಾ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ. ಅದರಾಚೆ ನಿಮ್ಹಾನ್ಸ್, ಕಿದ್ವಾಯಿ. ಆಡುವ ಬಯಲೂ ಮುರಿದ ಮೂಳೆ ಕೂಡಿಸುವ ಸರ್ಕಾರಿ ಆಸ್ಪತ್ರೆಯೂ ಒಂದೇ ಬಡಾವಣೆಯಲ್ಲಿ! ಇಲ್ಲಿ ನಿಂತಾಗ ನೆನಪಾಗುವುದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಿದ ಅನಿಲ್ ಕುಂಬ್ಳೆ. ಮನೆತನದ ಬೇರು ಕಾಸರಗೋಡಿನ ಕುಂಬಳೆ, ಆಟ ಕಲಿತದ್ದು ಬೆಂಗಳೂರಿನ ಬೀದಿಯಲ್ಲಿ. 2002ರಲ್ಲಿ ಆಂಟಿಗಾದಲ್ಲಿ ಮೆರ್ವಿನ್ ಡಿಲ್ಲನ್ ಚೆಂಡಿಗೆ ದವಡೆ ಮುರಿದರೂ ತಲೆಗೆ ಪಟ್ಟಿ ಸುತ್ತಿಕೊಂಡು 14 ಓವರ್ ಹಾಕಿ ಲಾರಾ ವಿಕೆಟ್ ತೆಗೆದದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅದರ ಹಿಂದಿನ ವರ್ಷ. ಭುಜದ ಶಸ್ತ್ರಚಿಕಿತ್ಸೆಯಾಗಿ 2001ರ ಆಸ್ಟ್ರೇಲಿಯಾ ಸರಣಿಗೆ ಅವರು ಇರಲಿಲ್ಲ. ಆ ತೆರವಿನಲ್ಲಿ ನಿಂತ ಹರ್ಭಜನ್ ಸಿಂಗ್ ಮೂರು ಟೆಸ್ಟ್‌ಗಳಲ್ಲಿ 32 ವಿಕೆಟ್ ಪಡೆದರು. ಕುಂಬ್ಳೆ ತಾಳಿಕೊಂಡರು, ಭುಜ ಗುಣವಾಗುವ ತನಕ ಕಾದು ಮರಳಿದರು, ಕೊನೆಗೆ 619 ಟೆಸ್ಟ್ ವಿಕೆಟ್‌ಗಳ ತನಕ ಹೋದರು. ಅಮೆರಿಕದಲ್ಲೂ ಇಂಥದೊಂದು ಪವಾಡವಿದೆ. 1974ರಲ್ಲಿ ಟಾಮಿ ಜಾನ್ ಎಂಬ ಪಿಚರ್‌ನ ಮೊಣಕೈಗೆ ಡಾಕ್ಟರು ಇನ್ನೊಂದು ಕೈಯ ಸ್ನಾಯುರಜ್ಜು ಕಸಿ ಮಾಡಿದರು. ಮರುವರ್ಷ ಇಡೀ ಹೊರಗೆ ಕೂತ ಆತ, ಮರಳಿ ಬಂದು 164 ಪಂದ್ಯ ಗೆದ್ದ.

ಒಂಬತ್ತರ ಬಿಸಿಲಿಗೆ ನೆಟ್ಸ್ ಮುಗಿಯಿತು. ಭಾನುವಾರದ ಆಯ್ಕೆಗೆ ಹೋಗುವವರ ಹೆಸರು ಅಪ್ಪ-ಅಮ್ಮಂದಿರ ವಾಟ್ಸ್‌ಆ್ಯಪ್ ಗುಂಪಿಗೆ ಬಂದಿತ್ತು. ಕಟ್ಟೆಯ ಮೇಲೆ ಎಲ್ಲರೂ ಫೋನಿನ ಮೇಲೆ ಬಗ್ಗಿದರು. ಕೆಲವರ ಮುಖ ಅರಳಿತು, ಕೆಲವರು ಬೇಗಬೇಗ ಬ್ಯಾಗು ಕಟ್ಟಿದರು. ಆ ಬೌಲರ್ ಹುಡುಗನ ಜಾಗಕ್ಕೆ ಸ್ಟ್ಯಾಂಡ್‌ಬೈ ಹುಡುಗನೊಬ್ಬ ಬಂದಿದ್ದ. ಅವನಿಗೆ ಕುಣಿಯಬೇಕೆನಿಸಿದರೂ ಗೆಳೆಯ ಎದುರಿಗೇ ಇದ್ದ. ಬೌಲರ್ ತಾನೇ ಹೋಗಿ ತನ್ನ ಸ್ಪೈಕ್ ಶೂ ಅವನ ಕೈಗಿಟ್ಟು, "ನಿಂಗೆ ಸರಿ ಆಗುತ್ತೆ, ಹಾಕ್ಕೋ ಮಗಾ" ಎಂದ.

ಬೇಸಿಗೆಯಲ್ಲಿ ಈ ಕಡೆ ಬಂದರೆ ಇಡ್ಲಿ, ಕಾಫಿಗೆ ಮೊದಲು ಯಾವುದಾದರೂ ಮೈದಾನದ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತು ನೋಡಿ. ಮಕ್ಕಳನ್ನು ನೆಟ್ಸ್‌ಗೆ ಕಳಿಸುವ ಅಪ್ಪ-ಅಮ್ಮಂದಿರಲ್ಲಿ ಇನ್ನೂ ಒಂದು ವಿನಂತಿ: ಬೆನ್ನು ಹಿಡಿದುಕೊಂಡು ಬಂದ ಮಗುವಿಗೆ ಮುಲಾಮು ತಿಕ್ಕಿ ಮರುದಿನ ಮತ್ತೆ ಬೌಲಿಂಗಿಗೆ ಅಟ್ಟಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ. ಕೋಚ್ ಚೆಂಡು ಕಿತ್ತಿಟ್ಟರೆ ಅವರ ಮೇಲೆ ಸಿಟ್ಟಾಗಬೇಡಿ. ಒಂದು ಸೆಲೆಕ್ಷನ್ ತಪ್ಪಿದ್ದರಿಂದ ಯಾರ ಆಟವೂ ಮುಗಿದಿಲ್ಲ.