ಒಂದು ಗೇಣು ವೈರು

ಕಳೆದ ದೀಪಾವಳಿಯಲ್ಲಿ, ಹುಂಚದ ನಮ್ಮ ಮನೆಯಂಗಳದಲ್ಲಿ ತಮ್ಮನ ಆರ್‌ಸಿ ಕಾರು ಹೊಗೆಯಾಡಿ ನಿಂತಿತು. ನಿಜವಾದ ಕಾರಿನ ಐದನೇ ಒಂದರಷ್ಟು ಗಾತ್ರದ ಬಂಡಿ. ಎರಡು ಹಂಗಾಮು ಅಡಿಕೆ ಸುಲಿದು ಕೂಡಿಸಿದ ದುಡ್ಡಿನಲ್ಲಿ ಅವನು ಕೊಂಡದ್ದು.

“ನನ್ನ ಬೆಸುಗೆಯೇ ಸರಿಯಾಗ್ಲಿಲ್ಲ ಅನ್ಸುತ್ತೆ ಅಣ್ಣ” ಎಂದ. ನಾನು ಸುಮ್ಮನಿದ್ದೆ.

ಭಾರ ಸರಿದೂಗಿಸಲು ಬ್ಯಾಟರಿಯನ್ನು ಹಿಂದಕ್ಕೆ ಸರಿಸಬೇಕಿತ್ತು. ವೈರು ಒಂದು ಗೇಣು ಉದ್ದ ಮಾಡಬಹುದಾ ಎಂದು ಫೋನಿನಲ್ಲಿ ಕೇಳಿದ್ದ. ಎಲೆಕ್ಟ್ರಾನಿಕ್ಸ್‌ನಲ್ಲಿ ಪಿಎಚ್‌ಡಿ ಮಾಡುತ್ತಿರುವ ನಾನು ವೈರಿನ ರೋಧವನ್ನಷ್ಟೇ ಲೆಕ್ಕ ಹಾಕಿ, “ಏನೂ ಆಗಲ್ಲ, ಮಾಡು” ಎಂದಿದ್ದೆ.

ಸ್ಪೀಡ್ ಕಂಟ್ರೋಲರ್ ಮೋಟಾರಿಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಬಿಟ್ಟು ತಡೆದು ಕೊಡುತ್ತದೆ. ವೈರಿನಲ್ಲಿ ಹರಿಯುವ ಕರೆಂಟಿಗೆ ಒಮ್ಮೆಲೇ ನಿಲ್ಲಲಾಗದು. ವೈರು ಉದ್ದವಾದಷ್ಟೂ ಈ ಹಟ, ಅಂದರೆ ಇಂಡಕ್ಟೆನ್ಸ್, ಹೆಚ್ಚು. ತಡೆದಾಗೆಲ್ಲ ವೋಲ್ಟೇಜು ಮೇಲಕ್ಕೆ ಚಿಮ್ಮುತ್ತದೆ. ಆ ಪೆಟ್ಟನ್ನು ಕಂಟ್ರೋಲರಿನ ಕೆಪಾಸಿಟರುಗಳು ನುಂಗಿಕೊಳ್ಳಬೇಕು. ಅವು ಸಾಲದಾದರೆ ಕಾದು ಉಬ್ಬುತ್ತವೆ. ಆಮೇಲೆ ಟ್ರಾನ್ಸಿಸ್ಟರುಗಳ ಸರದಿ. ಆ ರಾತ್ರಿ ಬಿಚ್ಚಿ ನೋಡಿದರೆ ಕೆಪಾಸಿಟರುಗಳ ತಲೆ ಉಬ್ಬಿತ್ತು, ಬೆಸುಗೆ ಗಟ್ಟಿಯಾಗಿಯೇ ಇತ್ತು. ಏನೂ ಹೇಳದೆ ಬೆಂಗಳೂರಿಗೆ ವಾಪಸಾದೆ.

ಯುಗಾದಿಗೆ ಹೋದಾಗ ಮುತ್ತಿನಕೆರೆಯ ದಂಡೆಯಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಅವನು ನೀರು ನೋಡುತ್ತಾ ಕೇಳಿಸಿಕೊಂಡ. ಬೈಯಲಿಲ್ಲ.

“ತೋಟದ ಪೈಪಿನ ಹಂಗೇ ಅಲ್ವಾ? ವಾಲ್ವು ಗಕ್ಕನೆ ಕಟ್ಟಿದ್ರೆ ಉದ್ದದ ಲೈನು ಧಡ್ ಅಂತ ಹೊಡ್ಕೊಂಡು ಜಾಯಿಂಟ್ ಬಿಡುತ್ತೆ. ಅದಕ್ಕೇ ವಾಲ್ವಿನ ಪಕ್ಕ ಒಂದು ಪೈಪ್ ತುಂಡು ನೆಟ್ಟಗೆ ನಿಲ್ಸಿ ಬಾಯಿ ಮುಚ್ಚಿರ್ತೀವಿ. ಒಳಗಿನ ಗಾಳಿ ಪೆಟ್ಟು ತಿನ್ನುತ್ತೆ. ಕೇಳಿದ್ರೆ ನಾನೇ ಹೇಳ್ತಿದ್ನಲ್ಲ.”

ನಾನು ಕೇಳುವ ಪೈಕಿಯೇ ಆಗಿರಲಿಲ್ಲ.

ಹೊಸ ಕಂಟ್ರೋಲರ್ ನನ್ನ ಫೆಲೋಶಿಪ್ ಹಣದಲ್ಲಿ ಬಂತು. ಎಂಟು ಸೆಲ್ಲಿನ ಲಿಪೋ ಬ್ಯಾಟರಿ ಪೂರ್ತಿ ತುಂಬಿದಾಗ 33.6 ವೋಲ್ಟ್. 35 ವೋಲ್ಟಿನ ಕೆಪಾಸಿಟರ್ ಅದಕ್ಕೆ ತೀರಾ ಅಂಚಿನದು. ಹಾಗಾಗಿ ಒಳರೋಧ ಕಡಿಮೆಯಿರುವ 50 ವೋಲ್ಟಿನವನ್ನು ತಂದೆವು. ಪಟ್ಟಿಯಿರುವ ಕಡೆಯ ಕಾಲು ಮೈನಸ್ಸಿಗೆ, ತಿರುವುಮುರುವಾದರೆ ಸಿಡಿಯುತ್ತದೆ.

“ಬ್ಯಾಟರಿ ಹತ್ರ ಅಲ್ಲ, ಕಂಟ್ರೋಲರ್ ಪಕ್ಕದಲ್ಲೇ ಅಲ್ವಾ?” ಎಂದು ಕೇಳಿದ.

“ಹೌದು. ದೂರದಲ್ಲಿದ್ರೆ ಇದ್ದೂ ಇಲ್ಲದ ಹಂಗೆ.”

ಬೆಸುಗೆ ಅವನೇ ಹಾಕಿದ. ನಾನು ಟಾರ್ಚ್ ಹಿಡಿದೆ.